ಮಾಡಿಸಿದವರ ಹೆಸರು, ಮಾಡಿದವರ ಮೌನ

ಪ್ರಾಚೀನ ಶಿಲ್ಪವನ್ನು ಕುರಿತ ಕನ್ನಡ ಬರಹಗಳಲ್ಲಿ ಒಂದು ಮಾತು ಪರಾಮರ್ಶೆಯಿಲ್ಲದೆ ಪುನರುಕ್ತವಾಗುತ್ತಿದೆ: ಅಂದಿನ ಶಿಲ್ಪಿಗಳು ಅಹಂಕಾರವನ್ನು ತೊರೆದವರು, ಆದುದರಿಂದಲೇ ಹೆಸರು ಬರೆದುಕೊಳ್ಳಲಿಲ್ಲ. ಜೈನ ಶಿಲ್ಪದ ಸಂದರ್ಭದಲ್ಲಂತೂ ಇದಕ್ಕೆ ಅಪರಿಗ್ರಹದ ಲೇಪವನ್ನೂ ಹಚ್ಚಲಾಗುತ್ತದೆ. ಕೇಳಲು ಹಿತವಾದ ಈ ಮಾತಿಗೆ ಆಧಾರವಿಲ್ಲ.

ಶ್ರವಣಬೆಳಗೊಳದ ಗೊಮ್ಮಟಮೂರ್ತಿಯ ಪಾದದ ಬಳಿಯ ಕನ್ನಡ ಶಾಸನವು ಚಾವುಂಡರಾಯನ ಹೆಸರಿನೊಡನೆ 'ಮಾಡಿಸಿದಂ' ಎಂಬ ಕ್ರಿಯಾಪದವನ್ನು ಬಳಸಿದೆ. ಇದು ಪ್ರೇರಣಾರ್ಥಕ ರೂಪ. ಮಾಡಿಸಿದವನಿದ್ದರೆ ಮಾಡಿದವನೂ ಇರಲೇಬೇಕು. ಬೆಟ್ಟದ ನೆತ್ತಿಯ ಕಣಶಿಲೆಯನ್ನು ಸುಮಾರು 58 ಅಡಿ ಎತ್ತರದ ಬಿಂಬವಾಗಿ ಬಿಡಿಸಿದ ಕೈಗಳು ಆ ಒಂದು ಪ್ರತ್ಯಯದ ಹಿಂದೆ ಅಡಗಿವೆ. ಅದೇ ಬೆಟ್ಟದಲ್ಲಿ, ಅದೇ ಮೂರ್ತಿಯನ್ನು 1180ರ ಸುಮಾರಿನಲ್ಲಿ ಸ್ತುತಿಸಿದ ಬೊಪ್ಪಣ ಕವಿಯ ಹೆಸರು ಮಾತ್ರ ಕಲ್ಲಿನಲ್ಲಿ ಉಳಿದಿದೆ. ಪಂಪ ತನ್ನ ವಂಶವನ್ನು ಕಾವ್ಯದಲ್ಲಿ ಹೇಳಿಕೊಂಡುದನ್ನು ಯಾರೂ ಧರ್ಮಲೋಪವೆಂದು ಬಗೆದಿಲ್ಲ. ಕವಿಯ ಹೆಸರು ಸಾಹಿತ್ಯಚರಿತ್ರೆಗೆ ಆಕರವಾದರೆ ಶಿಲ್ಪಿಯ ಮೌನವೇಕೆ ವೈರಾಗ್ಯವಾಗಬೇಕು?

ದತ್ತಿ ಮತ್ತು ಪ್ರತಿಷ್ಠೆಯ ಶಾಸನಗಳಲ್ಲಿ ದಾನಿಯ ಹೆಸರೇ ಮುಖ್ಯವಾಗುವುದು ಸಹಜವೆಂದು ಇದಕ್ಕೆ ಸಮಾಧಾನ ಹೇಳಬಹುದು. ಒಪ್ಪತಕ್ಕ ಮಾತೇ. ಆದರೆ ಆಗ ಆ ಮೌನ ದಾಖಲೆಯ ಸ್ವಭಾವವಾಯಿತೇ ಹೊರತು ಶಿಲ್ಪಿಯ ಮನೋಧರ್ಮವಾಗಲಿಲ್ಲ.

ಅವಕಾಶ ದೊರೆತಲ್ಲಿ ಶಿಲ್ಪಿಗಳು ಹೆಸರು ಕೆತ್ತಿಯೇ ಇದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ನುಗ್ಗೆಹಳ್ಳಿಯಲ್ಲಿ ನಂದಿಯ ಬೈಚೋಜ, ಅಲ್ಲಿಯೂ ಸೋಮನಾಥಪುರದಲ್ಲಿಯೂ ಮಲ್ಲಿತಮ್ಮ ತಮ್ಮ ಕೃತಿಗಳ ಕೆಳಗೆ ಹೆಸರು ಬಿಟ್ಟುಹೋಗಿದ್ದಾರೆ. ಕೆಲವರು ಬಿರುದುಗಳನ್ನೂ ಸೇರಿಸಿಕೊಂಡಿದ್ದಾರೆ. ಶ್ರವಣಬೆಳಗೊಳದಲ್ಲಿಯೇ ಹನ್ನೆರಡನೆಯ ಶತಮಾನದ ಶಾಸನಗಳನ್ನು ಕಂಡರಿಸಿದ ಗಂಗಾಚಾರಿ ರೂವಾರಿಗಳಲ್ಲಿ ತಾನು ಶ್ರೇಷ್ಠನೆಂದು ಹೇಳಿಕೊಂಡಿದ್ದಾನೆ. ಜಿನಕ್ಷೇತ್ರದಲ್ಲಿ ಅದು ಅಪಚಾರವೆನಿಸಲಿಲ್ಲ.

'ರೂವಾರಿ' ಎಂಬ ಪದದ ಗತಿಯೂ ಗಮನಾರ್ಹ. ಶಿಲ್ಪಿಗೆ ಸಲ್ಲುತ್ತಿದ್ದ ಆ ಹೆಸರು ಇಂದಿನ ಪತ್ರಿಕೆಗಳಲ್ಲಿ ಯೋಜನೆಗಳನ್ನು ಘೋಷಿಸುವ ರಾಜಕಾರಣಿಗೆ ಸಂದಿದೆ. ಮಾಡಿದವನ ಪದವೂ ಮಾಡಿಸಿದವನ ಪಾಲಾಯಿತು.

ಈ ಉಪೇಕ್ಷೆ ಗತಕಾಲದ್ದಷ್ಟೇ ಅಲ್ಲ. ಸಾಗರ, ಸೊರಬ ಸೀಮೆಯ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತಿದ ಜಿನಬಿಂಬವಾಗಲಿ ಕರಂಡಕವಾಗಲಿ ಅಂಗಡಿಗೆ ಬಂದಾಗ ಮರದ ಜಾತಿ, ತೂಕ, ಬೆಲೆಗಳು ಚೀಟಿಯಲ್ಲಿರುತ್ತವೆ. ಕೆತ್ತಿದವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಕಲ್ಲಿನದಾದರೆ 'ಕಲೆ', ಮರದ್ದಾದರೆ 'ಕರಕುಶಲ ವಸ್ತು' ಎಂಬ ವಿಂಗಡಣೆ ಈ ಮರೆವಿಗೆ ಮತ್ತಷ್ಟು ನೆರವಾಗಿದೆ. ಬದುಕಿರುವ ಕುಶಲಿಯ ಹೆಸರನ್ನು ಕೈಬಿಟ್ಟು, ಸತ್ತವನ ಅನಾಮಿಕತೆಯನ್ನು ಅಧ್ಯಾತ್ಮವೆಂದು ಕೊಂಡಾಡುವುದು ಒಂದೇ ದೃಷ್ಟಿದೋಷದ ಎರಡು ಮುಖಗಳು.

ಸಂಶೋಧಕರಿಗೆ ಇಲ್ಲಿ ಸ್ಪಷ್ಟ ಕರ್ತವ್ಯವಿದೆ. ಹೆಸರು ಸಿಕ್ಕಲ್ಲಿ ಅದನ್ನು ದಾನಿಯ ಹೆಸರಿನ ಪಕ್ಕದಲ್ಲಿಯೇ ಬರೆಯಬೇಕು. ಸಿಗದಲ್ಲಿ 'ಶಿಲ್ಪಿಯ ಹೆಸರು ದಾಖಲಾಗಿಲ್ಲ' ಎಂದಷ್ಟೇ ಹೇಳಬೇಕು. ಶಾಸನ ನುಡಿಯದ ವೈರಾಗ್ಯವನ್ನು ಶಿಲ್ಪಿಗೆ ಆರೋಪಿಸುವುದು ಅವನಿಗೆ ಸಲ್ಲಿಸುವ ಗೌರವವಲ್ಲ. ಅವನ ಹೆಸರನ್ನು ಎರಡನೆಯ ಬಾರಿ ಅಳಿಸುವ ಕೆಲಸ.