ಗೋಪುರಕ್ಕೆ ದೊರೆಯ ಹೆಸರು



ನಮ್ಮ ಹಾಸ್ಟೆಲ್ಲಿನ ಒಂದು ರೂಮಿನಲ್ಲಿ ಬಾಬಾಸಾಹೇಬರ ಫೋಟೋ ಪಕ್ಕದಲ್ಲೇ ದುಬೈನ ಬುರ್ಜ್ ಖಲೀಫಾ ಚಿತ್ರ ಅಂಟಿಸಿದ್ದಾರೆ. ಐಟಿಐ ಹುಡುಗರು ಅದನ್ನ ನೋಡ್ತಾ 'ಹೋದ್ರೆ ಅಲ್ಲಿಗೇ ಹೋಗ್ಬೇಕು' ಅಂತಾರೆ. ಹೋಗಲಿ. ಗೌಡರ ಜಗಲಿ ಕೆಳಗೆ ಕೈಕಟ್ಟಿ ನಿಲ್ಲೋದಕ್ಕಿಂತ ಸಮುದ್ರ ದಾಟೋದು ಮೇಲು ಅನ್ನೋದನ್ನ ನಾನೂ ಒಪ್ತೀನಿ. ಆದರೆ ಆ ಚಿತ್ರವನ್ನ ಬುಡದಿಂದ ನೋಡಬೇಕು.

828 ಮೀಟರ್ ಎತ್ತರ, 160ಕ್ಕೂ ಹೆಚ್ಚು ಅಂತಸ್ತು. ಡೌನ್‌ಟೌನ್ ದುಬೈ ಎಂಬ ಹೊಸ ಪೇಟೆಯ ನಡುವೆ 2004ರಲ್ಲಿ ಕೆಲಸ ಶುರುವಾಗಿ 2010ರ ಜನವರಿ 4ರಂದು ಉದ್ಘಾಟನೆಯಾಯಿತು. ಹೋಟೆಲು, ಮನೆ, ಕಚೇರಿ ಎಲ್ಲ ಒಂದೇ ಕಟ್ಟಡದೊಳಗೆ. ಬೇಸಗೆಯ ಧಗೆಗೆ ಕಾಂಕ್ರೀಟ್ ಬಿರುಕು ಬಿಡಬಾರದು ಅಂತ ರಾತ್ರಿ ಹೊತ್ತು ಐಸ್ ಬೆರೆಸಿ ಹಾಕಿದರು. ಕಾಂಕ್ರೀಟಿನ ಮೇಲೆ ಅಷ್ಟು ಕಾಳಜಿ!

ಕಟ್ಟಿದೋರ ಮೇಲೆ? 2006ರ ಮಾರ್ಚಿನಲ್ಲಿ ಪಾಳಿ ಮುಗಿಸಿ, ಬಾರದ ಬಸ್ಸಿಗೆ ಕಾದು ಕಾದು ಸುಮಾರು 2,500 ಕಾರ್ಮಿಕರು ರೇಗಿಬಿಟ್ಟರು. ಹೆಚ್ಚಿನವರು ನಮ್ಮ ಕಡೆಯ, ಅಂದರೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಬಡವರು. ಆಗಿನ ವರದಿಗಳ ಪ್ರಕಾರ ಕೂಲಿಯವನ ದಿನದ ಸಂಬಳ ಸುಮಾರು 4 ಡಾಲರ್, ನುರಿತ ಬಡಗಿಗೆ 7 ಚಿಲ್ಲರೆ. ಸಂಘ ಕಟ್ಟುವಂತಿಲ್ಲ, ಮುಷ್ಕರ ಹೂಡುವಂತಿಲ್ಲ. ಒಡೆದ ಕಾರು, ಕಂಪ್ಯೂಟರುಗಳ ನಷ್ಟದ ಲೆಕ್ಕ ಮಾತ್ರ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು.

ಕಟ್ಟುವಾಗ ಅದರ ಹೆಸರು ಬುರ್ಜ್ ದುಬೈ. 2009ರ ಕೊನೆಗೆ ದುಬೈ ಸಾಲದಲ್ಲಿ ಮುಳುಗಿದಾಗ ಅಬುಧಾಬಿ 1,000 ಕೋಟಿ ಡಾಲರ್ ಕೊಟ್ಟಿತು. ಮುಂದಿನ ತಿಂಗಳು ಉದ್ಘಾಟನೆಯ ದಿನ ಗೋಪುರಕ್ಕೆ ಅಬುಧಾಬಿಯ ದೊರೆ ಖಲೀಫಾರ ಹೆಸರು ಬಿತ್ತು. ಸಾಲ ಕೊಟ್ಟೋರ ಹೆಸರು ಮುಗಿಲಿಗೇರಿತು. ಬೆವರು ಕೊಟ್ಟೋನ ಹೆಸರು ಹಾಜರಿ ಪುಸ್ತಕದಲ್ಲೇ ಉಳೀತು.

ಈಗ ನಮ್ಮ ವಿಚಾರಕ್ಕೆ ಬರೋಣ. ಎಸ್ಸೆಸ್ಸೆಲ್ಸಿ ಪಾಸಾಗದವನು ಗಲ್ಫಿಗೆ ಕೂಲಿಗೆ ಹೋಗೋದಾದರೆ 1983ರ ವಲಸೆ ಕಾಯಿದೆಯ ಪ್ರಕಾರ ಸರ್ಕಾರದ ಅನುಮತಿ ಬೇಕು. ಅಲ್ಲಿ ಅವನ ಕರಾರು ಪತ್ರ ನೋಡ್ತಾರೆ. ಪಾಸಾದವನಿಗೆ ಆ ಅನುಮತಿ ಬೇಕಿಲ್ಲ. ಓದಿದೋರು ನಾವು, ತಡೆಯೋರಿಲ್ಲ ಅಂತ ಹಿಗ್ತೀವಿ. ತಡೆಯೋರೂ ಇಲ್ಲ, ಕೇಳೋರೂ ಇಲ್ಲ!

ನಮ್ಮ ಕೇರಿಯ ಹುಡುಗ, ಐಟಿಐ ಪಾಸು, ತಾಯಿಯ ಓಲೆ ಮಾರಿ ಏಜೆಂಟನಿಗೆ ಒಂದೂವರೆ ಲಕ್ಷ ಸುರಿದ. ಸರ್ಕಾರ ಇಟ್ಟಿರುವ ಮಿತಿ 30,000 ರೂಪಾಯಿ, ಅದರ ಮೇಲೆ ತೆರಿಗೆ ಅಷ್ಟೇ. ಅದು ಅವನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೂಂದ್ರೆ ನನಗೂ ಗೊತ್ತಿರಲಿಲ್ಲ. ಇಲೆಕ್ಟ್ರಿಷಿಯನ್ ಕೆಲಸ ಅಂದಿದ್ದರು, ಅಲ್ಲಿ ಇಟ್ಟಿಗೆ ಹೊರಿಸಿದರು. ನೌಕರನ ಪಾಸ್‌ಪೋರ್ಟ್ ಇಟ್ಟುಕೊಳ್ಳಬಾರದು ಅಂತ ಅಲ್ಲಿನ ಕಾನೂನೇ ಹೇಳುತ್ತೆ. ಅವನದು ಧಣಿಯ ಪೆಟ್ಟಿಗೆಯಲ್ಲಿದೆ.

ಹೋದ ತಿಂಗಳು ಆ ಗೋಪುರದ ಮುಂದೆ ನಿಂತು ಫೋಟೋ ಕಳಿಸಿದ್ದ. ತಾಯಿ ಅದನ್ನ ಕೇರಿಗೆಲ್ಲ ತೋರಿಸಿದರು. ಕಿವಿಯಲ್ಲಿ ಬೇವಿನ ಕಡ್ಡಿ.