ರೋಗಾಣುವೂ ರೋಗದ ಕೋಣೆಯೂ

1882ರ ಮಾರ್ಚ್ 24ರಂದು ರಾಬರ್ಟ್ ಕೋಖ್ ಎಂಬ ವಿಜ್ಞಾನಿಯು ಕ್ಷಯರೋಗದ ರೋಗಾಣುವನ್ನು ಕಂಡುಹಿಡಿದ ಸಂಗತಿಯನ್ನು ಬರ್ಲಿನ್ನಿನಲ್ಲಿ ಪ್ರಕಟಿಸಿದನು. ಕೆಲವು ವರ್ಷಗಳ ತರುವಾಯ ಅದೇ ನಗರದ ಕಾರ್ಮಿಕರ ಬಡಾವಣೆಯೊಂದರಲ್ಲಿ ಕೇತೆ ಕೋಲ್ವಿಟ್ಸ್ ಎಂಬ ಕಲಾವಿದೆಯು, ವೈದ್ಯನಾಗಿದ್ದ ತನ್ನ ಪತಿಯ ಬಳಿಗೆ ಬರುತ್ತಿದ್ದ ಬಡ ರೋಗಿಗಳನ್ನು ಕಣ್ಣಾರೆ ಕಂಡಳು. ಕೋಖನನ್ನು ವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಈಕೆಯನ್ನೂ ಅವರು ಅರಿಯಬೇಕೆಂಬುದು ನನ್ನ ಅಭಿಪ್ರಾಯ.

1844ರಲ್ಲಿ ಸೈಲೀಷಿಯದ ಬಡ ನೇಕಾರರು ಬಂಡೆದ್ದರು. ಆ ಸಂಗತಿಯನ್ನು ಕುರಿತ ಹೌಪ್ಟ್‌ಮನ್ನನ ನಾಟಕದಿಂದ ಪ್ರೇರಿತಳಾಗಿ ಕೋಲ್ವಿಟ್ಸ್ 1893ರಿಂದ 1897ರವರೆಗೆ ಆರು ಅಚ್ಚುಚಿತ್ರಗಳನ್ನು ರಚಿಸಿದಳು. ಅವುಗಳಲ್ಲಿ ಮೂರು ಕಲ್ಲಚ್ಚಿನವು. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು ಕಲ್ಲನ್ನು ನೀರಿನಿಂದ ತೋಯಿಸಿದರೆ, ಶಾಯಿಯು ಜಿಡ್ಡಿರುವಲ್ಲಿ ಮಾತ್ರ ಹತ್ತುತ್ತದೆ. ಹೀಗೆ ಒಂದು ಚಿತ್ರದಿಂದ ಅನೇಕ ಪ್ರತಿಗಳು ದೊರೆಯುತ್ತವೆ. ಮೊದಲನೆಯ ಚಿತ್ರದಲ್ಲಿ ಸಾಯುತ್ತಿರುವ ಮಗುವಿನ ಬಳಿ ತಾಯಿಯೊಬ್ಬಳು ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಳೆ. ಇಕ್ಕಟ್ಟಾದ ಆ ಕತ್ತಲೆಯ ಕೋಣೆಯಲ್ಲಿಯೇ ಮಗ್ಗವೂ ಇದೆ. ಮಗುವಿನ ರೋಗ ಯಾವುದೆಂದು ಚಿತ್ರವು ಹೇಳುವುದಿಲ್ಲ. ಅದು ಬೆಳೆದ ಕೋಣೆಯನ್ನು ತೋರಿಸುತ್ತದೆ. 1898ರಲ್ಲಿ ಈ ಚಿತ್ರಮಾಲೆಗೆ ಪದಕವನ್ನು ಕೊಡಬೇಕೆಂದು ತೀರ್ಪುಗಾರರು ಶಿಫಾರಸು ಮಾಡಿದರು; ಚಕ್ರವರ್ತಿ ಎರಡನೆಯ ವಿಲ್ಹೆಲ್ಮನು ಒಪ್ಪಲಿಲ್ಲ.

ಚಿತ್ರವು ಮರುಕವನ್ನು ಹುಟ್ಟಿಸಬಲ್ಲದೇ ಹೊರತು ಏನನ್ನೂ ಸಿದ್ಧಪಡಿಸಲಾರದೆಂದು ಕೆಲವರು ಆಕ್ಷೇಪಿಸಬಹುದು. ನಿಜ, ಆದರೆ ಪ್ರಶ್ನೆಯನ್ನು ಎತ್ತುವುದೂ ವಿಜ್ಞಾನದ ಮೊದಲ ಮೆಟ್ಟಿಲಲ್ಲವೆ? ಕ್ಷಯದ ವಿಚಾರವನ್ನೇ ನೋಡೋಣ. ರೋಗಾಣುವು ತಿಳಿದ ಮೇಲೂ, 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯುವವರೆಗೆ, ಅದನ್ನು ಕೊಲ್ಲುವ ಸಮರ್ಥ ಔಷಧವಿರಲಿಲ್ಲ. ಒಳ್ಳೆಯ ಆಹಾರ, ಶುದ್ಧವಾದ ಗಾಳಿ, ವಿಶ್ರಾಂತಿ ಇವನ್ನೇ ವೈದ್ಯರು ವಿಧಿಸುತ್ತಿದ್ದರು. ಕೂಲಿಕಾರನ ಮನೆಯಲ್ಲಿ ಇಲ್ಲದಿದ್ದುದೂ ಇವೇ!

ಔಷಧಗಳು ಬಂದ ಮೇಲೂ ಈ ಪ್ರಶ್ನೆಯು ಹಳತಾಗಿಲ್ಲ. ಝಾರ್ಖಂಡದಲ್ಲಿ ಕ್ಷಯರೋಗಿಗಳ ಮನೆಯವರಿಗೆ ಪೌಷ್ಟಿಕ ಆಹಾರವನ್ನು ಒದಗಿಸಿದಾಗ, ಅವರಲ್ಲಿ ಹೊಸದಾಗಿ ರೋಗ ಕಾಣಿಸಿಕೊಳ್ಳುವುದು ಸುಮಾರು ಶೇಕಡ 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ರೋಗಾಣು ಅದೇ, ಬದಲಾದದ್ದು ಊಟದ ತಟ್ಟೆ.

ಆದುದರಿಂದ ನಾಳೆ ವೈದ್ಯರೂ ಎಂಜಿನಿಯರರೂ ಆಗಲಿರುವ ವಿದ್ಯಾರ್ಥಿಗಳು ಸೂಕ್ಷ್ಮದರ್ಶಕದಲ್ಲಿ ಕಣ್ಣಿಡುವುದರೊಡನೆ ಇಂತಹ ಚಿತ್ರಗಳನ್ನೂ ಗಮನವಿಟ್ಟು ನೋಡಬೇಕು. ರೋಗಿಯು ಮದ್ದಿನ ಚೀಟಿಯನ್ನು ಹಿಡಿದು ಮರಳುವುದು ಅಂತಹದೇ ಒಂದು ಕೋಣೆಗೆ ಎಂಬುದನ್ನು ಬಲ್ಲವನೇ ಪೂರ್ಣ ವೈದ್ಯನು.