ಅಗ್ಗದ ಆವಿಯಂತ್ರದ ಬೆಲೆ

ಚಳ್ಳಕೆರೆಯ ಸೋದರಿಯೊಬ್ಬರು ಕೇಳಿರುವ ಪ್ರಶ್ನೆಯಿದು. ಎಣ್ಣೆಯ ಗಿರಣಿಯಲ್ಲಿ ಕೆಲಸಮಾಡುವ ಅವರ ಮಗನು, ಬೀಡಿಯನ್ನು ಬಿಡುವೆನೆಂದು ಹೇಳಿ, ಗೆಳೆಯನ ಕೈಯಿಂದ 1,500 ರೂಪಾಯಿಗೆ ಒಂದು ಆವಿಯಂತ್ರವನ್ನು ತರಿಸಿಕೊಂಡಿರುವನು. ಪೇಟೆಯವರು ‘ವೇಪ್’ ಎನ್ನುವುದು ಇದನ್ನೇ. ಗುಂಡಿಯೊತ್ತಿ ಇದರ ಶಕ್ತಿಯನ್ನು ಏರಿಸಬಹುದು, ಇಳಿಸಬಹುದು. ಬೇರೆ ಕಡೆ ಇಮ್ಮಡಿ ಕ್ರಯವಂತೆ. ಕೊಟ್ಟ ಹಣಕ್ಕೆ ತಕ್ಕ ವಸ್ತುವೇ ಎಂದು ತಾಯಿಯ ಸಂದೇಹ.

ಬೆಲೆಗಟ್ಟುವ ವಿದ್ಯೆ ಆ ಸೀಮೆಯವರಿಗೆ ಹೊಸದಲ್ಲ. ಚಳ್ಳಕೆರೆಯ ಕಂಬಳಿಯನ್ನು ಕೊಳ್ಳುವವನು ಅದನ್ನು ಕೈಯಲ್ಲಿ ತೂಗಿ, ಬೆಳಕಿಗೆ ಹಿಡಿದು, ನೆಯ್ಗೆಯ ಒತ್ತನ್ನು ನೋಡುವನು. ಮೊಳಕಾಲ್ಮೂರಿನ ಸೀರೆಯಾದರೆ ಅಂಚಿನ ಒಂದೆಳೆಯನ್ನು ಸುಟ್ಟು ಮೂಸಿದರೆ ಸಾಕು. ಕೂದಲು ಕಮರಿದ ವಾಸನೆ ಬಂದು, ಬೂದಿಯು ಬೆರಳಿನಲ್ಲಿ ಪುಡಿಯಾದರೆ ರೇಷ್ಮೆಯೆಂದು ತಿಳಿಯಬಹುದು. ಪರೀಕ್ಷೆಯಲ್ಲಿ ಮೋಸಹೋದರೂ ನೆಯ್ದವರ ಮನೆಯ ಬಾಗಿಲು ಗೊತ್ತಿರುತ್ತದೆ.

ಈ ಯಂತ್ರಕ್ಕೆ ಅಂತಹ ಪರೀಕ್ಷೆ ಯಾವುದು? ಒಳಗಿರುವುದು ಸ್ವಲ್ಪವೇ: ಲಿಥಿಯಂ ಬ್ಯಾಟರಿ, ತಂತಿಯ ಸುರುಳಿ, ಹತ್ತಿಯ ಬತ್ತಿ, ಗ್ಲಿಸರಿನ್ ಮೊದಲಾದವುಗಳಲ್ಲಿ ನಿಕೋಟಿನನ್ನು ಬೆರಸಿದ ದ್ರವ. ಸುರುಳಿಯು ಕಾದು ದ್ರವವು ಆವಿಯಾಗುವುದು. ಸುರುಳಿಯ ತಡೆಯು 1 ಓಮ್ ಆಗಿದ್ದರೆ 3 ವೋಲ್ಟಿಗೆ 9 ವ್ಯಾಟ್, 4 ವೋಲ್ಟಿಗೆ 16 ವ್ಯಾಟ್. ಒಂದು ವೋಲ್ಟ್ ಏರಿಸಿದ ಮಾತ್ರಕ್ಕೆ ಶಾಖವು ಇಮ್ಮಡಿಯ ಸಮೀಪಕ್ಕೆ ಬಂದಿತು! ಶಕ್ತಿ ಏರಿದಷ್ಟೂ ಆವಿ ಹೆಚ್ಚು, ನಿಕೋಟಿನ್ ಹೆಚ್ಚು, ದ್ರವದ ಸೀಸೆಯೂ ಬೇಗ ಬರಿದು. ಆದುದರಿಂದ 1,500 ರೂಪಾಯಿಯು ಮೊದಲ ಕಂತು ಮಾತ್ರ. ಬತ್ತಿ ಒಣಗಿರುವಾಗ ಶಕ್ತಿಯನ್ನು ಏರಿಸಿದರೆ ದ್ರವವು ಸೀದು, ಫಾರ್ಮಾಲ್ಡಿಹೈಡ್ ಮುಂತಾದ ವಿಷಗಳು ಹುಟ್ಟುವುವು. ಮಾರುವವನು ಹೊಗಳಿದ ಗುಂಡಿಯ ಗುಣವಿದು. ಯಂತ್ರವು ತೋರಿಸುವ ಅಂಕಿಯು ದಿಟವೇ ಎಂದು ಮನೆಯಲ್ಲಿ ಅಳೆದು ನೋಡುವ ಬಗೆಯಂತೂ ಇಲ್ಲ.

ಕರ್ನಾಟಕ ಸರ್ಕಾರವು 2016ರಲ್ಲಿಯೇ ಇದರ ಮಾರಾಟವನ್ನು ನಿಷೇಧಿಸಿತು. 2019ರ ಕೇಂದ್ರದ ಕಾಯಿದೆಯು ತಯಾರಿಕೆ, ಆಮದು, ಸಾಗಾಣಿಕೆ, ಮಾರಾಟ, ಜಾಹೀರಾತುಗಳನ್ನು ದೇಶದಾದ್ಯಂತ ತಡೆಯಿತು. ಮೊದಲ ಸಲ ಮಾರಿ ಸಿಕ್ಕಿಬಿದ್ದವನಿಗೆ 1 ವರ್ಷದವರೆಗೆ ಸೆರೆ, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಹೀಗಿರುವಲ್ಲಿ ರಸೀತಿಯನ್ನು ಕೊಡುವವರು ಯಾರು? ಬ್ಯಾಟರಿ ಉಬ್ಬಿದರೆ, ಚೀಟಿಯಲ್ಲಿ ಬರೆದುದಕ್ಕಿಂತ ನಿಕೋಟಿನ್ ಹೆಚ್ಚಿದ್ದರೆ, ಹೋಗಿ ಕೇಳಲು ಬಾಗಿಲೇ ಇಲ್ಲ. ತಂದುಕೊಟ್ಟ ಗೆಳೆಯನೂ ಅಪಾಯದಲ್ಲಿಯೇ ಇರುವನು.

ಇದು ಬೀಡಿಗಿಂತ ಕೇಡೆಂದು ನಾನು ಹೇಳಲಾರೆ. ಬೀಡಿ ಉರಿಯುವಾಗ ಹುಟ್ಟುವ ಟಾರು, ಕಾರ್ಬನ್ ಮಾನಾಕ್ಸೈಡುಗಳು ಇದರಲ್ಲಿ ಬಲು ಕಡಮೆ. ಇಂಗ್ಲೆಂಡಿನಲ್ಲಿ 2023ರಲ್ಲಿ, ಧೂಮಪಾನವನ್ನು ಬಿಡಬಯಸುವವರಿಗೆ ಸರ್ಕಾರವೇ ಇಂತಹ ಯಂತ್ರಗಳನ್ನು ಕೊಡಿಸುವ ಯೋಜನೆಯನ್ನು ಸಾರಿತು. ಆದರೆ ಅಲ್ಲಿ ದ್ರವದ ಮಿಲಿಲೀಟರಿಗೆ ನಿಕೋಟಿನ್ 20 ಮಿಲಿಗ್ರಾಂ ಮೀರಬಾರದೆಂಬ ಕಟ್ಟಳೆಯುಂಟು, ಮೀರಿದರೆ ಕೇಳುವ ಅಧಿಕಾರಿಯುಂಟು. ಆ ಕಾವಲಿನ ಬೆಲೆಯೂ ಅಲ್ಲಿಯ ಯಂತ್ರದ ಬೆಲೆಯಲ್ಲಿ ಸೇರಿದೆ. ನಮ್ಮ 1,500 ರೂಪಾಯಿಯಲ್ಲಿ ಸೇರಿಲ್ಲ. ಬೀಡಿಯನ್ನೂ ಇದನ್ನೂ ಕೂಡಿಯೇ ಸೇದುವವರಿಗಂತೂ ಲಾಭವು ಅತ್ಯಲ್ಪ. ಮಗನ ಅಂಗಿಯನ್ನು ಒಗೆಯುವಾಗ ಜೇಬನ್ನು ನೋಡಿದರೆ ಆ ಸಂಗತಿಯು ತಾಯಿಗೆ ತಿಳಿದೀತು.

ಆದಕಾರಣ ನನ್ನ ಎಣಿಕೆಯಲ್ಲಿ ಇದು ಅಗ್ಗವಲ್ಲ. ಹಾಗೆಂದು ಹುಡುಗನನ್ನು ಗದರಿಸುವುದು ಬೇಡ; ಬಿಡಬೇಕೆಂಬ ಮನಸ್ಸು ಹುಟ್ಟಿರುವುದೇ ದೊಡ್ಡದು. 2 ಮಿಲಿಗ್ರಾಂ ನಿಕೋಟಿನ್ ಇರುವ ಅಗಿಯುವ ಗುಳಿಗೆಯು ಔಷಧದ ಅಂಗಡಿಗಳಲ್ಲಿ ದೊರೆಯುವುದು, ಅದಕ್ಕೆ ರಸೀತಿಯೂ ಉಂಟು. ತಂಬಾಕನ್ನು ಬಿಡುವವರಿಗಾಗಿ ಸರ್ಕಾರವು ನಡೆಸುವ 1800-11-2356 ಎಂಬ ಉಚಿತ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಅಲ್ಲಿಯವರೆಗೆ ಆ ದ್ರವದ ಸೀಸೆಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಹಣ್ಣಿನ ಪರಿಮಳಕ್ಕೆ ಮರುಳಾಗಿ ಕೂಸುಗಳು ಸ್ವಲ್ಪ ಕುಡಿದರೂ ಪ್ರಾಣಕ್ಕೆ ಅಪಾಯ. ಬ್ಯಾಟರಿಯನ್ನು ಒಲೆಯ ಬಳಿಯಾಗಲಿ ಬಿಸಿಲಿನಲ್ಲಾಗಲಿ ಇಡಕೂಡದು.